ಕೊಟ್ಟಿಗೆಗೂ ಒಂದು ಮೇನ್ ಸ್ವಿಚ್ ಬೇಕು

ಎಲೆಕ್ಟ್ರಿಕಲ್ ಡಿಪ್ಲೊಮಾದ ಕೊನೆಯ ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಅವ್ವ ಹೇಳಿದ ಮೊದಲ ಮಾತು: ‘ಕೊಟ್ಟಿಗೆಯ ಕಬ್ಬಿಣದ ಕಂಬ ಮುಟ್ಟಬೇಡ ಮಗ, ಮಳೆ ಬಂದಾಗ ಒಂಚೂರು ಜುಮ್ ಅನ್ನುತ್ತೆ.’ ಬಾಗಿಲು ಹಾಕ್ಕೊಂಡು ಬಾ ಎನ್ನುವಷ್ಟೇ ಸಹಜವಾಗಿ ಹೇಳಿದಳು. ಹಸು ಮಾತ್ರ ಎರಡು ವಾರದಿಂದ ಒಳಗೆ ಬರಲು ಹಟ ಮಾಡುತ್ತಿತ್ತಂತೆ. ಮೂರು ವರ್ಷ ಅರ್ಥಿಂಗ್ ಬಗ್ಗೆ ಬರೆದು ಅಂಕ ತೆಗೆದವನು ನಾನು. ನಮ್ಮ ಕೊಟ್ಟಿಗೆಯ ವೈರಿಂಗ್ ಅನ್ನು ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ.

ಆ ಕೊಟ್ಟಿಗೆಗೆ ಕರೆಂಟು ಬಂದ ಬಗೆ ನಿಮ್ಮೂರಿನದಕ್ಕಿಂತ ಬೇರೆ ಇರಲಿಕ್ಕಿಲ್ಲ. ಜಗಲಿಯ ಪ್ಲಗ್‌ನಿಂದ ಹೊರಟ ಎರಡು ತಂತಿ ಹಲಸಿನ ಕೊಂಬೆಯ ಮೇಲೆ ಹಾದು, ತಗಡಿನ ಸೂರಿಗೆ ಒರಗಿ, ಒಂದು ಬಲ್ಬಿಗೆ ಇಳಿದಿತ್ತು. ಬರಬರುತ್ತಾ ಅದೇ ತಂತಿಗೆ ಮೇವು ಕತ್ತರಿಸುವ ಯಂತ್ರವೂ ಸೇರಿತು. ಗಾಳಿಗೆ ಅಲುಗಾಡಿ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ತಂತಿಯ ಹೊದಿಕೆ ಸವೆದಿತ್ತು. ಮಳೆ ಬಿದ್ದರೆ ತಗಡು, ಕಂಬ, ಒದ್ದೆ ನೆಲ ಎಲ್ಲದರಲ್ಲೂ ಕರೆಂಟು. ಪಂಪ್ ಮನೆ, ಹೊರಗಿನ ಬಚ್ಚಲು, ರೇಷ್ಮೆ ಹುಳು ಮನೆಗಳ ಕಥೆಯೂ ಎಷ್ಟೋ ಕಡೆ ಇದೇ.

ನನ್ನ ವಾದ ಇಷ್ಟೆ: ಮನೆಯಿಂದ ಬೇರೆಯಾಗಿ ನಿಂತ ಕಟ್ಟಡ ಎಷ್ಟೇ ಚಿಕ್ಕದಿರಲಿ, ವಿದ್ಯುತ್ತಿನ ಮಟ್ಟಿಗೆ ಅದನ್ನು ಪ್ರತ್ಯೇಕ ಕಟ್ಟಡ ಎಂದೇ ಎಣಿಸಬೇಕು. ಅದಕ್ಕೆ ಅದರದೇ ಮೇನ್ ಸ್ವಿಚ್, ತುಂಡಾಗದ ಅರ್ಥ್ ತಂತಿ, ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಸಾಧನ, ಈ ಮೂರೂ ಇರಬೇಕು.

ಮೊದಲನೆಯದು ಸ್ವಿಚ್. ಕತ್ತಲಲ್ಲಿ ಹಾಲು ಕರೆಯುವಾಗ ಯಾರಿಗಾದರೂ ಶಾಕ್ ಹೊಡೆದು ಕೈ ಅಂಟಿಕೊಂಡಿತು ಅನ್ನಿ. ಕರೆಂಟು ತೆಗೆಯಲು ಅಂಗಳ ದಾಟಿ ಮನೆಯೊಳಗೆ ಓಡಬೇಕು. ಜೀವ ಅಷ್ಟು ಹೊತ್ತು ಕಾಯುವುದಿಲ್ಲ. ಸ್ವಿಚ್ ಕೊಟ್ಟಿಗೆಯ ಬಾಗಿಲ ಬಳಿಯೇ, ನೀರು ಬೀಳದ, ಕೈಗೆ ಎಟುಕುವ ಜಾಗದಲ್ಲಿರಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಸ್ವಿಚ್ಚೇ ಆಗಬೇಕು. ಮನೆಮಂದಿ ಎಳೆದ ವೈರಿಂಗ್‌ನಲ್ಲಿ ಎರಡು ತಂತಿ ಅದಲುಬದಲಾಗುವುದು ಸಾಮಾನ್ಯ. ಆಗ ಒಂದೇ ತಂತಿ ಕಡಿಯುವ ಸ್ವಿಚ್ ಆರಿಸಿದರೆ ಬಲ್ಬು ಆರುತ್ತದೆ, ಹೋಲ್ಡರ್‌ನಲ್ಲಿ ಕರೆಂಟು ಉಳಿದೇ ಇರುತ್ತದೆ.

ಎರಡನೆಯದು ಅರ್ಥ್ ತಂತಿ. ‘ಕೊಟ್ಟಿಗೆ ಪಕ್ಕ ಒಂದು ರಾಡು ಹೊಡೆದರಾಯ್ತಲ್ಲ’ ಎನ್ನುವವರಿದ್ದಾರೆ. ಒಣನೆಲದಲ್ಲಿ ಆ ರಾಡಿನ ರೋಧ 50 ಓಮ್ ಇದೆ ಎಂದುಕೊಳ್ಳಿ. 230 ವೋಲ್ಟ್ ಸೋರಿದರೂ ಹರಿಯುವುದು 4.6 ಆಂಪಿಯರ್ ಮಾತ್ರ. 16 ಆಂಪಿಯರ್‌ನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ, ಟ್ರಿಪ್ ಆಗುವುದಿಲ್ಲ. ಕಂಬದಲ್ಲಿ ಅಪಾಯದ ವೋಲ್ಟೇಜ್ ಹಾಗೇ ನಿಂತಿರುತ್ತದೆ. ಆದ್ದರಿಂದ ಮನೆಯ ಅರ್ಥಿಂಗ್‌ನಿಂದ ಹಸಿರು ತಂತಿ ಕೊಟ್ಟಿಗೆಯವರೆಗೂ ಬಂದು ಯಂತ್ರದ ಮೈಗೆ, ಕಂಬಕ್ಕೆ, ತಗಡಿಗೆ ಸೇರಬೇಕು. ಮನೆಯ ಅರ್ಥಿಂಗ್ ಕೂಡ ನೆಪಕ್ಕೆ ಇರಬಾರದು. ಭಾರತೀಯ ಮಾನಕ ಐಎಸ್ 3043ರ ಪ್ರಕಾರ ಅರ್ಥಿಂಗ್ ಪೈಪು ಕನಿಷ್ಠ 2.5 ಮೀಟರ್ ಉದ್ದವಿರಬೇಕು. ಹಿಂದೆ ನಲ್ಲಿಯ ಕಬ್ಬಿಣದ ಪೈಪಿಗೇ ಅರ್ಥ್ ಕಟ್ಟುತ್ತಿದ್ದರು. ಈಗ ಪಿವಿಸಿ ಪೈಪು ಬಂದಿದೆ, ಆ ದಾರಿಯೂ ಮುಚ್ಚಿದೆ.

ಮೂರನೆಯದು ಆರ್‌ಸಿಸಿಬಿ. ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ತಾಳೆ ನೋಡುವ ಸಾಧನ ಇದು. 30 ಮಿಲಿ ಆಂಪಿಯರ್‌ನಷ್ಟು ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವುದರೊಳಗೆ ಕಡಿಯುತ್ತದೆ. ಎಂಸಿಬಿ ಗಮನಿಸದ ಆ 4.6 ಆಂಪಿಯರ್ ಇದಕ್ಕೆ ಬೆಟ್ಟದಷ್ಟು.

‘ಒಂದು ಬಲ್ಬಿಗೆ ಇಷ್ಟೆಲ್ಲ ಯಾಕೆ?’ ಎಂದು ಅಪ್ಪನೂ ಕೇಳಿದರು. ಬಲ್ಬು ಒಂದೇ ಇದ್ದಾಗಲೂ ತಗಡಿಗೆ ಉಜ್ಜುವುದು ಅದೇ 230 ವೋಲ್ಟ್‌ನ ತಂತಿ. ಹಸುವಿಗಂತೂ ಅಪಾಯ ಹೆಚ್ಚು. ಅದರ ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ, ಚಪ್ಪಲಿ ಇಲ್ಲ, ನಿಂತಿರುವುದು ಗಂಜಲದ ನೆಲದಲ್ಲಿ. ನೆಲದ ಕರೆಂಟು ಒಂದು ಕಾಲಿನಿಂದ ಹತ್ತಿ, ಎದೆ ಹಾದು, ಇನ್ನೊಂದರಿಂದ ಇಳಿಯುತ್ತದೆ. ಈ ಮೂರಕ್ಕೂ ತಗಲುವ ಖರ್ಚು ಒಂದು ಹಸುವಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಅವ್ವನ ಮಾತು ಬಿಡಿ, ಅದಕ್ಕೆ ಬೆಲೆ ಕಟ್ಟಲಾಗದು.

ಕಾನೂನು ಇಲ್ಲವೆಂದಲ್ಲ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ ವೈರಿಂಗ್ ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಹೇಳುತ್ತವೆ. ಆದರೆ ಮೀಟರ್ ಕೂರಿಸಿದ ಮೇಲೆ ನಾವೇ ಎಳೆದುಕೊಂಡ ತಂತಿಯನ್ನು ನೋಡುವವರು ಯಾರು? ನರೇಗಾದಡಿ ಊರೂರಲ್ಲಿ ಕೊಟ್ಟಿಗೆಗಳು ಎದ್ದವು. ಬಿಲ್ಲಿಗಾಗಿ ಗೋಡೆ, ಗೋದಲಿಯ ಫೋಟೊ ತೆಗೆದರು. ಇನ್ನು ಮುಂದೆ ಸರ್ಕಾರದ ಹಣದಲ್ಲಿ ಕಟ್ಟುವ ಪ್ರತಿ ಕೊಟ್ಟಿಗೆಯ ಫೋಟೊದಲ್ಲಿ ಸ್ವಿಚ್ ಬೋರ್ಡೂ ಇರಲಿ. ಅರ್ಥಿಂಗ್ ಖರ್ಚು ಅಂದಾಜುಪಟ್ಟಿಯಲ್ಲೇ ಸೇರಲಿ.

ಇಲ್ಲಿ ನಮಗೂ ಕೆಲಸವಿದೆ. ಐಟಿಐ, ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಕರೆಗೆ ಕಾಯುತ್ತಿರುವ ಗೆಳೆಯರು ವಿದ್ಯುತ್ ಪರಿವೀಕ್ಷಣಾಲಯದಿಂದ ಪರ್ಮಿಟ್ ಪಡೆದರೆ ಊರಿನ ಕೊಟ್ಟಿಗೆ, ಪಂಪ್ ಮನೆಗಳಲ್ಲೇ ದುಡಿಮೆ ಸಿಗುತ್ತದೆ. ಪರ್ಮಿಟ್ ಇಲ್ಲದವರು ಕೈ ಹಾಕುವುದು ಬೇಡ. ನೋಡಿ, ಮನೆಯವರಿಗೆ ಹೇಳಿದರೂ ಸಾಕು.

ಅಂದು ಸಂಜೆಯೇ ಜಗಲಿಯ ಮೇನ್ ತೆಗೆದು ಆ ಎರಡು ತಂತಿ ಕಳಚಿಸಿದೆವು. ಪರ್ಮಿಟ್ ಇರುವ ವೈರ್‌ಮನ್ ಬಂದು ಹೊಸ ಲೈನ್ ಎಳೆಯುವವರೆಗೆ ನಾಲ್ಕು ದಿನ ಅವ್ವ ಟಾರ್ಚ್ ಬೆಳಕಲ್ಲಿ ಹಾಲು ಕರೆದಳು. ಹಸು ಮಾತ್ರ ಮೊದಲ ರಾತ್ರಿಯೇ ತಾನಾಗಿ ಒಳಗೆ ಬಂತು. ಈ ಸಲ ರಜೆಗೆ ಊರಿಗೆ ಹೋದಾಗ ನೀವೂ ನಿಮ್ಮ ಮನೆಯಲ್ಲಿ ಒಂದು ಮಾತು ಕೇಳಿ: ‘ಎಲ್ಲಾದರೂ ಜುಮ್ ಅನ್ನುತ್ತಾ?’