ಲಾಕ್‌ಡೌನಿನ ಲೆಕ್ಕವೂ ಹಾಜರಿ ಪುಸ್ತಕದಲ್ಲಿಲ್ಲದ ಹೆಸರೂ

2020ರ ಲಾಕ್‌ಡೌನನ್ನು ನಮ್ಮ ಸರಕಾರಗಳು ಸರಿಯಾಗಿ ನಿಭಾಯಿಸಿದವೇ ಎಂಬ ಚರ್ಚೆ ಮುಂಬಯಿಯ ಕನ್ನಡಿಗರಲ್ಲಿ ಇನ್ನೂ ಮುಗಿದಿಲ್ಲ. ಸಂಜೆಯ ಹೊತ್ತು ಚಹದ ಮೇಜಿನ ಸುತ್ತ ನಾಲ್ವರು ಸೇರಿದರೆಂದರೆ, ಮುಚ್ಚದಿದ್ದರೆ ಯಾರೂ ಉಳಿಯುತ್ತಿರಲಿಲ್ಲವೆಂದು ಇಬ್ಬರು ಹೇಳುತ್ತಾರೆ. ರೋಗಕ್ಕಿಂತ ಮುಚ್ಚಿದ್ದರಿಂದಲೇ ಹೆಚ್ಚು ಹಾನಿಯಾಯಿತೆಂದು ಇನ್ನಿಬ್ಬರು ಹೇಳುತ್ತಾರೆ. ಎರಡು ಮಾತಿನಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಆದರೆ ಮುಚ್ಚಿದ್ದು ಸರಿಯೋ ತಪ್ಪೋ ಎಂಬುದಕ್ಕಿಂತ, ಯಾರನ್ನು ಒಳಗಿಟ್ಟು ಬಾಗಿಲು ಹಾಕುತ್ತಿದ್ದೇವೆಂಬುದು ಬಾಗಿಲು ಹಾಕಿದವರಿಗೆ ತಿಳಿದಿತ್ತೇ ಎಂದು ಕೇಳುವುದು ಹೆಚ್ಚು ಉಚಿತವೆಂದು ನಮ್ಮ ನಮ್ರ ಅಭಿಪ್ರಾಯ. ಕೇಂದ್ರ, ಮಹಾರಾಷ್ಟ್ರ ಮತ್ತು ಕರ್ನಾಟಕ ಸರಕಾರಗಳ ಹಾಗೂ ಮುಂಬಯಿ ಮಹಾನಗರಪಾಲಿಕೆಯ ಕಾರ್ಯವನ್ನು ಆ ದೃಷ್ಟಿಯಿಂದಲೇ ಇಲ್ಲಿ ಪರಿಶೀಲಿಸಬಯಸುತ್ತೇವೆ.

ಮೊದಲು ನಡೆದ ಸಂಗತಿಗಳನ್ನು ನೆನೆಯೋಣ. ಮಾರ್ಚ್ 22ರ ಜನತಾ ಕರ್ಫ್ಯೂವಿನ ರಾತ್ರಿಯಿಂದ ದೇಶದ ಪ್ರಯಾಣಿಕರ ರೈಲುಗಳೂ ನಮ್ಮ ಲೋಕಲ್ ಗಾಡಿಗಳೂ ನಿಂತುಹೋದವು. ಮರುದಿನ ಮಹಾರಾಷ್ಟ್ರದಲ್ಲೆಲ್ಲ ಕರ್ಫ್ಯೂ ಬಂತು. 24ರ ರಾತ್ರಿ 8 ಗಂಟೆಗೆ ಪ್ರಧಾನಿ ಶ್ರೀ ನರೇಂದ್ರ ಮೋದಿಯವರು ಭಾಷಣ ಮಾಡಿ, ಅದೇ ಮಧ್ಯರಾತ್ರಿಯಿಂದ 21 ದಿವಸ ಇಡೀ ದೇಶವೇ ಬಂದ್ ಎಂದು ಸಾರಿದರು. ಜನರಿಗೆ ಸಿಕ್ಕ ಅವಧಿ 4 ಗಂಟೆ. ಅಂದು ದೇಶದಲ್ಲಿ ಪತ್ತೆಯಾಗಿದ್ದ ರೋಗಿಗಳು ಐನೂರರ ಆಸುಪಾಸು. ಇಪ್ಪತ್ತೊಂದು ದಿವಸವೆಂದದ್ದು ಮೇ ತಿಂಗಳ ಕೊನೆಯವರೆಗೂ ಬೆಳೆಯಿತು. ಮಹಾರಾಷ್ಟ್ರದ ಹೋಟೆಲುಗಳಲ್ಲಿ ಗಿರಾಕಿಯು ಕುಳಿತು ತಿನ್ನಲು ಮತ್ತೆ ಅಪ್ಪಣೆ ಸಿಕ್ಕಿದ್ದು ಅಕ್ಟೋಬರ್ 5ಕ್ಕೆ; ಅದೂ ಅರ್ಧದಷ್ಟು ಆಸನಗಳಿಗೆ ಮಾತ್ರ. ಆರು ತಿಂಗಳಿಗೂ ಮೀರಿ ನಮ್ಮ ಮೇಜುಗಳು ಬರಿದಾಗಿದ್ದವು.

ಸಲ್ಲಬೇಕಾದ ಪ್ರಶಂಸೆಯನ್ನು ಸಲ್ಲಿಸದಿರುವುದು ನ್ಯಾಯವಲ್ಲ. ಹೊಸ ರೋಗ, ಔಷಧವಿಲ್ಲ, ಲಸಿಕೆಯಿಲ್ಲ, ಆಸ್ಪತ್ರೆಯಲ್ಲಿ ಮಂಚವಿಲ್ಲ. ಇಂಥ ಸ್ಥಿತಿಯಲ್ಲಿ ಮುಚ್ಚುವುದರಿಂದ ದೊರೆಯುವುದು ಸಿದ್ಧತೆಗೆ ಬೇಕಾದ ಸಮಯ. ಆ ಸಮಯವನ್ನು ನಮ್ಮ ಪಾಲಿಕೆಯು ವ್ಯರ್ಥಗೊಳಿಸಲಿಲ್ಲ. ವರಳಿಯ ಕ್ರೀಡಾಭವನದಲ್ಲಿಯೂ ಬಾಂದ್ರಾ–ಕುರ್ಲಾ ಸಂಕೀರ್ಣದ ಬಯಲಿನಲ್ಲಿಯೂ ಆಸ್ಪತ್ರೆಗಳು ಎದ್ದವು. ಧಾರಾವಿಯಲ್ಲಿ ಮೊದಲ ರೋಗಿಯು ಏಪ್ರಿಲ್ 1ರಂದು ಪತ್ತೆಯಾದಾಗ, ಸುಮಾರು ಎರಡೂವರೆ ಚದರ ಕಿಲೋಮೀಟರಿನಲ್ಲಿ ಎಂಟು ಲಕ್ಷಕ್ಕೂ ಮೀರಿದ ಜನರಿರುವ ಆ ಸ್ಥಳದ ಗತಿ ಏನಾದೀತೆಂದು ಎಲ್ಲರೂ ನಡುಗಿದ್ದರು. ಪಾಲಿಕೆಯ ನೌಕರರು ಅಲ್ಲಿನ ಖಾಸಗಿ ವೈದ್ಯರನ್ನೂ ಕೂಡಿಸಿಕೊಂಡು ಮನೆಮನೆಗೆ ಹೋದರು, ಜ್ವರ ನೋಡಿದರು, ಸಾರ್ವಜನಿಕ ಶೌಚಾಲಯಗಳನ್ನು ತೊಳೆಸಿದರು, ರೋಗಿಗಳನ್ನು ಶಾಲೆ, ಸಭಾಭವನಗಳಿಗೆ ಸಾಗಿಸಿ ಊಟ ಕೊಟ್ಟರು. ಜುಲೈ 10ರಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರೇ ಧಾರಾವಿಯ ಹೆಸರೆತ್ತಿ ಹೊಗಳಿದರು. 2021ರ ಮೇ ತಿಂಗಳಲ್ಲಿ ದಿಲ್ಲಿಯ ಜನರು ಆಮ್ಲಜನಕವಿಲ್ಲದೆ ಕಂಗಾಲಾಗಿದ್ದಾಗ, ಮುಂಬಯಿ ಪಾಲಿಕೆಯಿಂದ ಕಲಿಯಿರಿ ಎಂದು ಸರ್ವೋಚ್ಚ ನ್ಯಾಯಾಲಯವೇ ಹೇಳಿತು.

ಆದರೆ ಈ ಹೊಗಳಿಕೆಗೂ ಇನ್ನೊಂದು ಮುಖವಿದೆ. 2020ರ ಜುಲೈ ತಿಂಗಳಲ್ಲಿ ಮಾಟುಂಗಾ, ಚೆಂಬೂರು, ದಹಿಸರ್ ಕಡೆಯ ಮೂರು ವಾರ್ಡುಗಳಲ್ಲಿ ಪಾಲಿಕೆಯೂ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ ನೀತಿ ಆಯೋಗವೂ ಕೂಡಿ ಜನರ ರಕ್ತಪರೀಕ್ಷೆ ನಡೆಸಿದವು. ಜೋಪಡಿಗಳಲ್ಲಿ ನೂರಕ್ಕೆ 57 ಮಂದಿಗೆ ರೋಗ ಆಗಲೇ ತಗಲಿ ಹೋಗಿತ್ತು. ಕಟ್ಟಡಗಳಲ್ಲಿ ವಾಸಿಸುವವರಲ್ಲಿ ನೂರಕ್ಕೆ 16. ಆಜ್ಞೆ ಒಂದೇ, ಶಹರವೂ ಒಂದೇ. ಒಂದು ಖೋಲಿಯಲ್ಲಿ ಎಂಟು ಮಂದಿ ಮಲಗುವವನಿಗೆ "ಮನೆಯಲ್ಲಿರಿ, ದೂರವಿರಿ" ಎಂಬ ಮಾತು ಎಷ್ಟು ಉಪಯೋಗಕ್ಕೆ ಬಂತೆಂಬುದನ್ನು ಈ ಎರಡು ಅಂಕೆಗಳು ಹೇಳುತ್ತವೆ.

ಇದು ನಮ್ಮ ದೇಶದ ಕತೆ ಮಾತ್ರವೂ ಅಲ್ಲ. ಸಿಂಗಾಪುರ ಸರಕಾರವು ಆರಂಭದಲ್ಲಿ ಜಗತ್ತಿಗೇ ಮಾದರಿಯೆನಿಸಿತ್ತು. ಏಪ್ರಿಲ್ ತಿಂಗಳಲ್ಲಿ ಪರದೇಶದ ಕೂಲಿಗಳು ಒತ್ತೊತ್ತಾಗಿ ಮಲಗುವ ವಸತಿಗೃಹಗಳಲ್ಲಿ ರೋಗ ಹಬ್ಬಿತು. ವರ್ಷದ ಕೊನೆಗೆ ಆ ವಸತಿಗಳವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ತಗಲಿತ್ತೆಂದು ಆ ಸರಕಾರವೇ ಪ್ರಕಟಿಸಿತು. ಎಲ್ಲವನ್ನೂ ಎಣಿಸುವ ಆಡಳಿತವು ದೂರದ ಊರಿನಿಂದ ದುಡಿಯಲು ಬಂದವನು ಎಲ್ಲಿ ಮಲಗುತ್ತಾನೆಂಬುದನ್ನು ಮಾತ್ರ ನೋಡಿರಲಿಲ್ಲ.

ಇನ್ನು ನಮ್ಮವರ ಸ್ಥಿತಿಗೆ ಬರೋಣ. ಹೋಟೆಲಿನ ಮಾಣಿಗೆ ಮುಂಬಯಿಯಲ್ಲಿ ಮನೆಯಿಲ್ಲ; ಹೋಟೆಲೇ ಮನೆ. ಷಟರು ಎಳೆದ ಮೇಲೆ ಮೇಜುಗಳನ್ನು ಸರಿಸಿ ಮಲಗುವವನು ಅವನು. ಅವನ ರೇಶನ್ ಕಾರ್ಡು ಕುಂದಾಪುರದಲ್ಲೋ ಕಾರ್ಕಳದಲ್ಲೋ ತಾಯಿಯ ಪೆಟ್ಟಿಗೆಯಲ್ಲಿರುತ್ತದೆ. ಮಾರ್ಚ್ 26ರಂದು ಕೇಂದ್ರ ಸರಕಾರವು ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯವನ್ನು ಪುಕ್ಕಟೆಯಾಗಿ ಘೋಷಿಸಿದಾಗ, ಅದು ಕಾರ್ಡಿದ್ದವರಿಗೆ. ಕಾರ್ಡಿಲ್ಲದ ವಲಸೆಗಾರರ ನೆನಪಾದದ್ದು ಮೇ 14ಕ್ಕೆ. ಮಧ್ಯೆ ಏಳು ವಾರಗಳು ಕಳೆದಿದ್ದವು. ಮಹಾರಾಷ್ಟ್ರ ಸರಕಾರವು ಶಿವಭೋಜನದ ಊಟವನ್ನು 10 ರೂಪಾಯಿಯಿಂದ 5ಕ್ಕೆ ಇಳಿಸಿದ್ದನ್ನು ಕೃತಜ್ಞತೆಯಿಂದಲೇ ಸ್ಮರಿಸಬೇಕು. ಆದರೆ ಅದೇ ಸರಕಾರವು 2021ರ ಏಪ್ರಿಲ್‌ನಲ್ಲಿ ಮತ್ತೆ ಮುಚ್ಚಿದಾಗ, ಕಟ್ಟಡ ಕೆಲಸಗಾರರು, ಮನೆಗೆಲಸದವರು, ರಿಕ್ಷಾದವರು, ಬೀದಿ ವ್ಯಾಪಾರಿಗಳಿಗೆಂದು ಪ್ರಕಟಿಸಿದ 1,500 ರೂಪಾಯಿಗಳ ಪಟ್ಟಿಯಲ್ಲಿ ಹೋಟೆಲು ಕೆಲಸಗಾರನ ಹೆಸರಿರಲಿಲ್ಲ.

ಸಂಬಳದ ಸಂಗತಿ ಇನ್ನೂ ವಿಚಿತ್ರವಾದುದು. ಮಾರ್ಚ್ 29ರಂದು ಕೇಂದ್ರ ಗೃಹಖಾತೆಯು, ಮುಚ್ಚಿದ ಅವಧಿಗೂ ಮಾಲೀಕರು ಪೂರ್ಣ ಸಂಬಳ ಕೊಡತಕ್ಕದ್ದೆಂದು ಆಜ್ಞೆ ಹೊರಡಿಸಿತು. ಗಲ್ಲಾದಲ್ಲಿ ಕಾಸು ಬೀಳದಾಗ ಅದು ಎಲ್ಲಿಂದ ಬರಬೇಕೆಂಬುದಕ್ಕೆ ಆಜ್ಞೆಯಲ್ಲಿ ಉತ್ತರವಿರಲಿಲ್ಲ. ಮೇ ತಿಂಗಳಲ್ಲಿ 3 ಲಕ್ಷ ಕೋಟಿ ರೂಪಾಯಿಗಳ ಸಾಲದ ಯೋಜನೆ ಬಂತು. ಆದರೆ ಅದು ಬ್ಯಾಂಕಿನಲ್ಲಿ ಮೊದಲೇ ಸಾಲವಿದ್ದವರಿಗೆ. ಊರಿನ ನೆಂಟರಿಂದ ಕೈಗಡ ತಂದು ಹೋಟೆಲು ಹಾಕಿದವನಿಗೆ ಅದು ದಕ್ಕಲಿಲ್ಲ. ಮೇ 18ರಿಂದ ಸಂಬಳದ ಆಜ್ಞೆಯೂ ಇಲ್ಲವಾಯಿತು. ಜೂನ್ 12ರಂದು ಸರ್ವೋಚ್ಚ ನ್ಯಾಯಾಲಯವು, ಮಾಲೀಕರೂ ಕೆಲಸಗಾರರೂ ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲಿ ಎಂದಿತು. ಮಾಲೀಕನೊಡನೆ ಮಾಣಿಯು ಮಾತಾಡಿಕೊಳ್ಳುವುದೆಂದರೆ ಏನೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೈಯಲ್ಲಿ ಕಾಸಿಲ್ಲದಾಗ ಮನುಷ್ಯನು ಊರನ್ನು ನೆನೆಯುತ್ತಾನೆ. ಮಾರ್ಚ್‌ನಲ್ಲಿಯೇ ನಾಲ್ಕು ದಿವಸದ ಅವಧಿ ಕೊಟ್ಟು ರೈಲು ಬಿಟ್ಟಿದ್ದರೆ, ರೋಗಿಗಳು ವಿರಳವಾಗಿದ್ದಾಗಲೇ ಅವರು ಮನೆ ಸೇರುತ್ತಿದ್ದರು. ಹಾಗೆ ಮಾಡಿದ್ದರೆ ರೋಗವು ಹಳ್ಳಿಹಳ್ಳಿಗೆ ಮೊದಲೇ ಮುಟ್ಟುತ್ತಿತ್ತೆಂಬ ಆಕ್ಷೇಪವನ್ನು ನಾವು ಬಲ್ಲೆವು. ಅದು ತಳ್ಳಿಹಾಕತಕ್ಕ ಮಾತೂ ಅಲ್ಲ. ಆದರೆ ಆದದ್ದೇನು? ಶ್ರಮಿಕ ರೈಲುಗಳು ಹೊರಟದ್ದು ಮೇ 1ರಂದು, ದೇಶದ ರೋಗಿಗಳು 35,000 ಆದ ಮೇಲೆ. ಮೇ 8ರ ಬೆಳಗಿನ ಜಾವ ಔರಂಗಾಬಾದಿನ ಬಳಿ ಹಳಿಯ ಮೇಲೆ ನಡೆದು ದಣಿದು ಮಲಗಿದ್ದ 16 ಕೂಲಿಗಳ ಮೇಲೆ ಗೂಡ್ಸ್ ಗಾಡಿ ಹರಿಯಿತು. ಮೇ ಮಧ್ಯದ ಹೊತ್ತಿಗೆ ಮುಂಬಯಿ ಒಂದರಲ್ಲಿಯೇ ರೋಗಿಗಳ ಸಂಖ್ಯೆ 20,000ದ ಹತ್ತಿರ ಬಂದಿತ್ತು. ರೋಗವು ಗಂಟಲವರೆಗೆ ಬಂದಾಗ ಜನರನ್ನು ಊರಿಗೆ ಬಿಟ್ಟಂತಾಯಿತು.

ಅಷ್ಟರಲ್ಲಿ ತವರಿನ ಬಾಗಿಲು ಮುಚ್ಚಿತು. ಆ ಮೇ ತಿಂಗಳ ಮೊದಲ ವಾರದಲ್ಲಿ ಕರ್ನಾಟಕ ಸರಕಾರವು ಬೆಂಗಳೂರಿನಿಂದ ಉತ್ತರದ ಕೂಲಿಗಳನ್ನು ಒಯ್ಯತಕ್ಕ ರೈಲುಗಳನ್ನು ಬೇಡವೆಂದು ನಿಲ್ಲಿಸಿ, ಎಲ್ಲೆಡೆಯಿಂದ ಟೀಕೆ ಬಂದ ಮೇಲೆ ಎರಡು ಮೂರು ದಿನಗಳಲ್ಲಿ ಹಿಂದೆಗೆಯಿತು. ಅದೇ ಸರಕಾರವು ಮೇ 18ರಂದು, ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರನ್ನು 31ರವರೆಗೆ ಸೇರಿಸಿಕೊಳ್ಳುವುದಿಲ್ಲವೆಂದು ಸಾರಿತು. ದುಡಿಯಲು ಬಂದ ಪರರನ್ನು ಹೊರಗೆ ಬಿಡಲೊಲ್ಲದ ಸರಕಾರ, ದುಡಿಯಲು ಹೋದ ತನ್ನ ಮಕ್ಕಳನ್ನು ಒಳಗೆ ಬಿಡಲಿಲ್ಲ! ಅದಕ್ಕೂ ಮೊದಲು, ಏಪ್ರಿಲ್ ಆರಂಭದಲ್ಲಿ, ತಲಪಾಡಿಯ ಗಡಿಯಲ್ಲಿ ಇದೇ ನೀತಿಯ ಫಲವನ್ನು ಕಾಸರಗೋಡಿನವರು ಉಂಡಿದ್ದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಅಲ್ಲಿನ ರೋಗಿಗಳು ಗಡಿ ದಾಟಲಾರದೆ ಪ್ರಾಣ ಬಿಟ್ಟ ವರದಿಗಳು ಬಂದವು. ಹೈಕೋರ್ಟಿನ ಆಜ್ಞೆಯಾಗಿ, ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು.

ಉಡುಪಿ ಜಿಲ್ಲೆಯವರ ಭಯವು ನಿರಾಧಾರವಾಗಿತ್ತೆಂದು ನಾವು ಹೇಳುವುದಿಲ್ಲ. ಮೇ ಆರಂಭದಲ್ಲಿ ಹಸಿರು ವಲಯವಾಗಿದ್ದ ಆ ಜಿಲ್ಲೆಯು ಜೂನ್ ಮೊದಲ ವಾರದಲ್ಲಿ ರಾಜ್ಯದಲ್ಲಿಯೇ ಮುಂದಾಯಿತು; ರೋಗಿಗಳಲ್ಲಿ ಬಹುಪಾಲು ಮಹಾರಾಷ್ಟ್ರದಿಂದ ಬಂದವರೇ. ಆದರೆ ಐವತ್ತು ದಿವಸ ಅವರನ್ನು ರೋಗದ ನಡುವೆ ಕೂಡಿಹಾಕಿದವರು ಯಾರು? ಅವರು ಕಳಿಸಿದ ಹಣದಿಂದ ಮನೆ ಕಟ್ಟಿಸಿದ, ದೇವಸ್ಥಾನ ಜೀರ್ಣೋದ್ಧಾರ ಮಾಡಿಸಿದ ಊರಿನಲ್ಲಿ "ಮುಂಬಯಿಯವರು ಬಂದರು" ಎಂಬುದು ಆ ದಿನಗಳಲ್ಲಿ ಬೈಗುಳವಾಯಿತು. ಆ ಮಾತಿನ ಗಾಯವು ರೋಗ ಹೋದ ಮೇಲೆಯೂ ಮಾಯಲಿಲ್ಲ.

ಗುಮಾಸ್ತ ಬಂಧುಗಳ ಪಾಡನ್ನೂ ಮರೆಯಲಾಗದು. 2021ರ ಫೆಬ್ರವರಿ 1ರಿಂದ ಲೋಕಲ್ ಗಾಡಿ ಎಲ್ಲರಿಗೂ ತೆರೆಯಿತೆಂದು ಪ್ರಕಟವಾಯಿತು. ಯಾವ ಹೊತ್ತಿಗೆ? ಬೆಳಗಿನ 7ರೊಳಗೆ, ಮಧ್ಯಾಹ್ನ 12ರಿಂದ 4ರವರೆಗೆ, ರಾತ್ರಿ 9ರ ಮೇಲೆ. ಹತ್ತಕ್ಕೆ ಕಚೇರಿಗೆ ಹೋಗಿ ಆರಕ್ಕೆ ಹೊರಡುವ ಡೊಂಬಿವಲಿಯ ಗುಮಾಸ್ತನು ಇದರಲ್ಲಿ ಯಾವ ಗಾಡಿಯನ್ನು ಹಿಡಿಯಬೇಕು? ಈ ವೇಳಾಪಟ್ಟಿಯನ್ನು ಬರೆದವರು ಗುಮಾಸ್ತನ ದಿನಚರಿಯನ್ನು ಬಲ್ಲವರಲ್ಲವೆಂಬುದು ಸ್ಪಷ್ಟ.

ಈ ಎಲ್ಲ ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ತತ್ತ್ವ ಹೊಳೆಯುತ್ತದೆ. ಆಡಳಿತವು ಮನೆಬಾಗಿಲಿಗೆ ಹೋಗಿ ಮನುಷ್ಯನನ್ನು ಕಂಡಲ್ಲಿ ಕೆಲಸವಾಯಿತು; ಕಾಗದದ ಮೇಲೆ ಅವನನ್ನು ಹುಡುಕಿದಲ್ಲಿ ಅವನು ಸಿಗಲಿಲ್ಲ. ಈ ಶಹರದ 1896ರ ಪ್ಲೇಗಿನಿಂದ ಹುಟ್ಟಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲಿಯೂ ಹಿಡಿದರು. ಅದರಲ್ಲಿ ಅಧಿಕಾರಿಗೆ ರಕ್ಷಣೆಯಿದೆ, ತಪ್ಪಿದವನಿಗೆ ಶಿಕ್ಷೆಯಿದೆ. ದುಡಿಮೆ ನಿಂತವನ ಅನ್ನದ ಮಾತಿಲ್ಲ. ಆಗ ಜಾರಿಯಲ್ಲಿದ್ದ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯು ಗುತ್ತೇದಾರನು ಕರೆತಂದವರಿಗೆ ಅನ್ವಯಿಸುತ್ತಿತ್ತೇ ಹೊರತು, ಸೋದರಮಾವನ ಹಿಂದೆ ಬಸ್ಸು ಹತ್ತಿ ಬಂದ ಹುಡುಗನಿಗಲ್ಲ. ದಾರಿಯಲ್ಲಿ ಎಷ್ಟು ವಲಸೆಗಾರರು ಸತ್ತರೆಂದು ಸಂಸತ್ತಿನಲ್ಲಿ ಕೇಳಿದಾಗ, ಅಂಥ ಲೆಕ್ಕವಿಲ್ಲವೆಂದು 2020ರ ಸೆಪ್ಟೆಂಬರಿನಲ್ಲಿ ಕಾರ್ಮಿಕ ಖಾತೆಯು ಉತ್ತರಿಸಿತು. ಬದುಕಿದ್ದಾಗ ಎಣಿಸದವರನ್ನು ಸತ್ತಾಗ ಎಣಿಸುವುದು ಹೇಗೆ?

ಇಲ್ಲಿಗೆ ನಿಲ್ಲಿಸಿದರೆ ಎಲ್ಲ ದೋಷವನ್ನೂ ಸರಕಾರಗಳ ಮೇಲೆ ಹೊರಿಸಿ ಕೈತೊಳೆದುಕೊಂಡಂತಾದೀತು. ಆ ದಿನಗಳಲ್ಲಿ ನಾವೂ ಉಪನಗರವೊಂದರಲ್ಲಿ ಹೋಟೆಲು ನಡೆಸುತ್ತಿದ್ದೆವು. ದುಡಿಯುವವರು ಹದಿನಾಲ್ಕು ಮಂದಿ. ಹಾಜರಿ ಪುಸ್ತಕದಲ್ಲಿದ್ದುದು ಒಂಬತ್ತು ಹೆಸರು. ಹತ್ತಾದರೆ ಇ.ಎಸ್.ಐ. ಬರುತ್ತಿತ್ತು, ಗುಮಾಸ್ತಾ ಕಾಯಿದೆಯೂ ಪೂರ್ತಿ ಅನ್ವಯಿಸುತ್ತಿತ್ತು, ಆದ್ದರಿಂದ ಒಂಬತ್ತು. ಉಗ್ರಾಣದ ಅಕ್ಕಿ ಮುಗಿಯುವವರೆಗೆ ಎಲ್ಲರೂ ಒಟ್ಟಿಗೆ ಉಂಡೆವು. ಏಪ್ರಿಲ್‌ನಲ್ಲಿ ಅರ್ಧ ಸಂಬಳ ಕೊಟ್ಟೆವು. ಮೇ ತಿಂಗಳಲ್ಲಿ ಕೊಡಲಿಲ್ಲ. ಪ್ರಾವಿಡೆಂಟ್ ಫಂಡ್ ಇದ್ದವರು ಮೂರು ತಿಂಗಳ ಸಂಬಳದಷ್ಟನ್ನು ಅದರಿಂದ ತೆಗೆಯಲು ಮಾರ್ಚ್‌ನಲ್ಲಿಯೇ ಅನುಮತಿ ಬಂದಿತ್ತು. ಇ.ಎಸ್.ಐ.ಯಲ್ಲಿ ಹೆಸರಿದ್ದು ಕೆಲಸ ಕಳೆದುಕೊಂಡ ಅರ್ಹರಿಗೆ ಮೂರು ತಿಂಗಳ ಮಟ್ಟಿಗೆ ಅರ್ಧ ಸಂಬಳ ಕೊಡಲು ಆಗಸ್ಟಿನಲ್ಲಿ ನಿರ್ಧಾರವಾಯಿತು. ನಮ್ಮ ಹುಡುಗರಿಗೆ ಎರಡೂ ಇಲ್ಲ. ಸರಕಾರಕ್ಕೆ ಅವರು ಕಾಣಿಸಲಿಲ್ಲವೆಂದು ಇಂದು ಬರೆಯುತ್ತಿರುವ ನಾವೇ ಅಂದು ಅವರನ್ನು ಬಚ್ಚಿಟ್ಟಿದ್ದೆವು. ಈ ತಪ್ಪು ನಮ್ಮೊಬ್ಬರದೇ ಅಲ್ಲವೆಂಬುದು ನಮ್ಮ ವೃತ್ತಿಯವರಿಗೆಲ್ಲ ಗೊತ್ತು. ಹಾಗೆಂದು ಅದು ತಪ್ಪಲ್ಲವೆಂದಾಗುವುದಿಲ್ಲ.

ಆದ್ದರಿಂದ ನಮ್ಮ ಸೂಚನೆಗಳು ಇಷ್ಟು. ಮುಂದೆ ಇಂಥ ಕಾಲ ಬಂದರೆ, ಮುಚ್ಚುವ ಮೊದಲು ಊರಿಗೆ ಹೋಗತಕ್ಕವರಿಗೆ ದಿನಗಳ ಅವಧಿಯನ್ನೂ ರೈಲನ್ನೂ ಕೇಂದ್ರವು ಕೊಡಬೇಕು. ಸಂಬಳ ಕೊಡಿಸುವ ಆಜ್ಞೆಯ ಜೊತೆಗೆ ಅದರ ಒಂದು ಪಾಲನ್ನು ತಾನೇ ಹೊರಬೇಕು. ಕರ್ನಾಟಕ ಸರಕಾರವು ಹೊರನಾಡ ಕನ್ನಡಿಗನನ್ನು ಸಮ್ಮೇಳನದ ವೇದಿಕೆಯಲ್ಲಿ ಮಾತ್ರವಲ್ಲದೆ ಗಡಿಯ ಗೇಟಿನಲ್ಲಿಯೂ ತನ್ನವನೆಂದು ಗುರುತಿಸಬೇಕು. ಮಾಲೀಕ ಬಂಧುಗಳು ದುಡಿಯುವವರೆಲ್ಲರ ಹೆಸರನ್ನೂ ಪುಸ್ತಕಕ್ಕೆ ಏರಿಸಬೇಕು, ಇ.ಎಸ್.ಐ. ವಂತಿಗೆಯು ಭಾರವೆನಿಸಿದಾಗ 2020ರ ಮೇ ತಿಂಗಳನ್ನು ನೆನೆಯಬೇಕು. ಕೆಲಸಗಾರ ಬಂಧುಗಳು ಊರಿನ ರೇಶನ್ ಕಾರ್ಡಿನಿಂದ ಮುಂಬಯಿಯಲ್ಲಿಯೂ ಧಾನ್ಯ ಪಡೆಯಬಹುದೆಂಬುದನ್ನು ತಿಳಿದಿರಬೇಕು. ಫಂಡು, ವಿಮೆ ಎರಡೂ ಇಲ್ಲದವರು 2021ರ ಆಗಸ್ಟಿನಲ್ಲಿ ಆರಂಭವಾದ ಇ-ಶ್ರಮ್ ಪಟ್ಟಿಯಲ್ಲಿ ಹೆಸರು ಬರೆಸಬೇಕು.

ಸರಕಾರಗಳು ಲಾಕ್‌ಡೌನನ್ನು ಹೇಗೆ ನಿಭಾಯಿಸಿದವೆಂಬ ಚರ್ಚೆ ನಡೆಯಲಿ, ನಡೆಯಬೇಕಾದದ್ದೇ. ಆದರೆ ಇಂದು ಸಂಜೆ ಚಹದ ಮೇಜಿನ ಸುತ್ತ ಆ ಮಾತು ಎದ್ದಾಗ, ಚಹ ತಂದಿಟ್ಟ ಹುಡುಗನನ್ನು ಒಂದು ಮಾತು ಕೇಳಿರಿ: "ಪುಸ್ತಕದಲ್ಲಿ ನಿನ್ನ ಹೆಸರಿದೆಯೇನಪ್ಪಾ?" ಅವನು ಉತ್ತರ ಕೊಡುವ ಮೊದಲು ಗಲ್ಲಾದ ಕಡೆಗೆ ನೋಡಿದನೆಂದರೆ, ಮುಂದಿನ ಪಿಡುಗಿಗೂ ನಾವು ಸಿದ್ಧರಾಗಿಲ್ಲವೆಂದೇ ತಿಳಿಯಬೇಕು.