ಮೇ ತಿಂಗಳ ಫುಕೆಟ್ಟೂ, ನಮ್ಮಪ್ಪನ 'ತಪ್ಪೂ'

"ಹಳ್ಳಿಯೋರನ್ನ ಫಾರಿನ್ ಬೀಚಿಗೆ ಕರ್ಕೊಂಡು ಹೋದ್ರೆ ಹಿಂಗೇ ಕಣಯ್ಯಾ, ಅವ್ರಿಗೆ ಎಂಜಾಯ್ ಮಾಡೋಕೇ ಬರಲ್ಲ." ತರೀಕೆರೆಯ ಮದುವೆ ಮನೆಯೊಂದರಲ್ಲಿ ನೆಂಟರೊಬ್ಬರು ಪಾಯಸ ಸುರಿಯುತ್ತಾ ಕೊಟ್ಟ ತೀರ್ಪು ಇದು. ಆಫೀಸಿನಲ್ಲಿ ನನ್ನ ಟೀಮಿನವರು ಇದನ್ನೇ ಇಂಗ್ಲಿಷಿನಲ್ಲಿ ಸ್ವಲ್ಪ ನಾಜೂಕಾಗಿ ಹೇಳಿದರು. ಅಷ್ಟೇ ವ್ಯತ್ಯಾಸ.

ಅಲ್ಲಾ ಸ್ವಾಮಿ, ದುಡ್ಡು ಕೊಟ್ಟೋರು ನಾವು, ಮೋಸ ಹೋದೋರು ನಾವು, ಕೊನೆಗೆ ತಪ್ಪೂ ನಮ್ಮಪ್ಪ-ಅಮ್ಮಂದೇನಾ?

ವಿಷಯ ಇಷ್ಟು. 2024ರ ಮೇ ಮೂರನೇ ವಾರ ಅಪ್ಪ, ಅಮ್ಮ, ಅಕ್ಕ, ಭಾವ, ಅಕ್ಕನ ಮಗಳು ಮತ್ತು ನಾನು ಅಜ್ಜಂಪುರದಿಂದ ಫುಕೆಟ್ಟಿಗೆ ಹೋಗಿದ್ದೆವು. ನಾಲ್ಕು ರಾತ್ರಿ, ಸಮುದ್ರದ ಪಕ್ಕದ ರೆಸಾರ್ಟು, ಆರು ಜನಕ್ಕೆ 3,60,000 ರೂಪಾಯಿ. 2023ರ ನವೆಂಬರಿನಲ್ಲಿ ಥಾಯ್ಲೆಂಡು ಭಾರತದವರಿಗೆ ವೀಸಾ ಬೇಡ ಅಂದಿದ್ದೇ ತಡ, ಕಡೂರಿನಲ್ಲೂ ಪ್ಯಾಕೇಜಿನ ಬ್ಯಾನರ್ ಎದ್ದಿತ್ತು. "ಮಗು ಸಮುದ್ರಕ್ಕೆ ಇಳೀಬಹುದಾ?" ಅಂತ ನಾನು ಏಜೆಂಟನ್ನು ಎರಡು ಸಲ ಕೇಳಿದ್ದೆ. "ಬಾಗ್ಲು ತೆಗೆದ್ರೆ ಬೀಚು ಸಾರ್" ಅಂದಿದ್ದ. ಅದು ನಿಜವೇ. ಬಾಗಿಲು ತೆಗೆದರೆ ಬೀಚು, ಬೀಚಿನ ತುಂಬಾ ಕೆಂಪು ಬಾವುಟ!

ಫುಕೆಟ್ ಇರೋದು ಅಂಡಮಾನ್ ಸಮುದ್ರದ ಕಡೆ. ನೈಋತ್ಯ ಮುಂಗಾರು ಅಲ್ಲಿಗೆ ಮೇ ತಿಂಗಳಲ್ಲೇ ಬರುತ್ತೆ, ಅಕ್ಟೋಬರ್ ತನಕ ಇರುತ್ತೆ. ಪಶ್ಚಿಮದ ಬೀಚುಗಳಲ್ಲಿ ಅಲೆ ಎದ್ದು, ಒಳಕ್ಕೆ ಎಳೆಯೋ ಸೆಳವು ಶುರುವಾಗಿ, ನೀರಿಗೆ ಇಳೀಬೇಡಿ ಅಂತ ಕೆಂಪು ಬಾವುಟ ನೆಡೋ ಕಾಲ ಅದು. ಅದೇ ದೇಶದ ಪೂರ್ವಕ್ಕಿರೋ ಕೊ ಸಮುಯಿ ದ್ವೀಪದಲ್ಲಿ ಜೋರು ಮಳೆ ಬರೋದು ಅಕ್ಟೋಬರಿನಿಂದ ಡಿಸೆಂಬರಿಗೆ. ಅಂದ್ರೆ ಮೇ ತಿಂಗಳಿಗೆ ಬೇರೆ ಜಾಗ ಇತ್ತು ಕಣ್ರೀ! ಆದರೆ ಫುಕೆಟ್ಟಿನ ರೂಮು ಆ ತಿಂಗಳಲ್ಲಿ ಅಗ್ಗ, ನಮ್ಮ ಮಕ್ಕಳಿಗೆ ಆ ತಿಂಗಳಲ್ಲಿ ರಜೆ. ಇವೆರಡನ್ನೂ ಗಂಟು ಹಾಕಿದರೆ ಲಾಭ ಯಾರಿಗೆ ಅಂತ ನಾನು ಬಿಡಿಸಿ ಹೇಳಬೇಕಾ? ಜೂನ್-ಜುಲೈನಲ್ಲಿ ನಮ್ಮ ಮಲ್ಪೆಯ ಯಾಂತ್ರಿಕ ದೋಣಿಗಳೇ ದಡ ಬಿಡೋ ಹಾಗಿಲ್ಲ. ಆ ಮಳೆಗಾಲದಲ್ಲಿ "ಮಲ್ಪೆಗೆ ಈಜೋಕೆ ಬನ್ನಿ" ಅಂತ ಯಾವನಾದ್ರೂ ಬ್ಯಾನರ್ ಹಾಕಿದ್ರೆ ನಗ್ತೀವಿ. ಅದೇ ಮುಂಗಾರಿಗೆ ಪಾಸ್‌ಪೋರ್ಟಿನ ಸೀಲು ಬಿದ್ದರೆ ದುಡ್ಡು ಕಟ್ತೀವಿ.

ಎಂಜಾಯ್ ಮಾಡೋಕೆ ಬರದ ನಮ್ಮಪ್ಪ ಈರುಳ್ಳಿ ಬೆಳೆಯೋ ಮನುಷ್ಯ. ಮೊದಲ ದಿನವೇ ಬಾಲ್ಕನಿಯಲ್ಲಿ ನಿಂತು ಆಕಾಶ ನೋಡಿ, "ಇದು ನಮ್ಮ ಕೃತ್ತಿಕೆ ಮಳೆ ಥರ ಹೊಡೆದು ಹೋಗೋದಲ್ಲ ಕಣೋ, ಹಿಡ್ಕಂಡಿರೋ ಮಳೆ" ಅಂದರು. ಏಜೆಂಟು ಹೇಳದಿದ್ದದ್ದನ್ನ ಅವರು ಒಂದೇ ನಿಮಿಷದಲ್ಲಿ ಹೇಳಿದರು. ಅಕ್ಕನ ಮಗಳು ಮಾತ್ರ ನಾಲ್ಕು ದಿನವೂ "ಮಾಮಾ, ಆ ಬಾವುಟ ಯಾವಾಗ ತೆಗೀತಾರೆ?" ಅಂತ ಕೇಳುತ್ತಲೇ ಇದ್ದಳು.

ಇನ್ನು ಊಟ. "ವೆಜ್ ಸಿಗುತ್ತೆ" ಅಂತ ವೋಚರಿನಲ್ಲಿ ಬರೆದಿತ್ತು. ತಂದಿಟ್ಟ ತರಕಾರಿಯಲ್ಲಿ ಮೀನಿನ ಸಾಸ್. ಅಮ್ಮ ನಾಲ್ಕು ದಿನ ಬ್ರೆಡ್ಡು, ಹಣ್ಣು, ಮನೆಯಿಂದ ಒಯ್ದಿದ್ದ ಚಟ್ನಿಪುಡಿಯಲ್ಲೇ ಕಳೆದರು. ಇದಕ್ಕೆ ನಮ್ಮೋರ ಉತ್ತರ: "ಎಲ್ಲೋದ್ರೂ ಅನ್ನ-ಸಾರು ಕೇಳಿದ್ರೆ ಆಗುತ್ತಾ?" ಅನ್ನ-ಸಾರು ಯಾರು ಕೇಳಿದ್ರು ಸ್ವಾಮಿ? ಫುಕೆಟ್ಟಿನಲ್ಲಿ ಪ್ರತಿ ವರ್ಷ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಒಂಬತ್ತು ದಿನ ದೊಡ್ಡ ಸಸ್ಯಾಹಾರ ಹಬ್ಬವೇ ನಡೆಯುತ್ತೆ. ಅಲ್ಲಿನ ಚೀನೀ ಮೂಲದವರ ಹಬ್ಬ. ಆ ಅಡುಗೆಗೆ 'ಜೇ' ಅಂತ ಹೆಸರು: ಮೀನಿಲ್ಲ, ಮೊಟ್ಟೆಯಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ! ನಮ್ಮಜ್ಜಿಯ ಮಡಿ ಅಡುಗೆಗೂ ಇದಕ್ಕೂ ಅಷ್ಟೇನೂ ದೂರವಿಲ್ಲ. ಅಂಥ ಊರಲ್ಲಿದ್ದುಕೊಂಡು ರೆಸಾರ್ಟಿನವರಿಗೆ ಅಮ್ಮನ ತಟ್ಟೆ ಅರ್ಥ ಆಗಲಿಲ್ಲ ಅಂದ್ರೆ ನಾನು ನಂಬಲ್ಲ. ಬೇಕಿರಲಿಲ್ಲ, ಅಷ್ಟೇ.

ಯಾಕಂದ್ರೆ ಆ ಜಾಗ ಕಟ್ಟಿರೋದೇ ಗಂಡ-ಹೆಂಡಿರ ಜೋಡಿಗೆ, ಅದನ್ನ ನಮಗೆ ಮಾರಿದ್ದು 'ಫ್ಯಾಮಿಲಿ ಪ್ಯಾಕೇಜ್' ಅಂತ. ಮೂರು ರೂಮು ಮೂರು ಬೇರೆ ಬೇರೆ ಕಟ್ಟಡದಲ್ಲಿ. ಮಂಡಿನೋವಿನ ಅಮ್ಮನಿಗೆ ಲಿಫ್ಟಿಲ್ಲದ ಎರಡನೇ ಮಹಡಿ. ಅಪ್ಪ-ಅಮ್ಮನ ಹಾಸಿಗೆ ಮೇಲೆ ಟವೆಲ್ಲಿನಲ್ಲಿ ಮಾಡಿದ ಎರಡು ಹಂಸ, ಮುತ್ತು ಕೊಟ್ಟುಕೊಳ್ಳುತ್ತಾ! ಅದನ್ನ ತೆಗೆದಿಡೋ ತನಕ ಅಮ್ಮ ರೂಮಿನೊಳಗೇ ಬರಲಿಲ್ಲ :-)

ಒಂದು ಲೆಕ್ಕ ಬಾಕಿ ಇದೆ. ಪ್ಯಾಕೇಜಿನ ಮೇಲೆ ಶೇ.5ರಂತೆ 18,000 ರೂಪಾಯಿ ಟಿಸಿಎಸ್ ಹಿಡಿದಿದ್ದರು. ಇದು ಖರ್ಚಲ್ಲ, ನಮ್ಮ ಪ್ಯಾನ್ ಹೆಸರಿನಲ್ಲಿ ಜಮಾ ಆಗೋ ಮುಂಗಡ ತೆರಿಗೆ. ರಿಟರ್ನ್ಸಿನಲ್ಲಿ ತೋರಿಸಿ ಹೊಂದಿಸಿಕೊಳ್ಳಬಹುದು, ಹೆಚ್ಚಿದ್ದರೆ ವಾಪಸ್ ಪಡೀಬಹುದು. "ಅದು ಗೌರ್ಮೆಂಟಿಗೆ ಹೋಯ್ತು ಬಿಡಿ ಸಾರ್" ಅಂದಿದ್ದ ಏಜೆಂಟು. ರಿಟರ್ನ್ಸ್ ಹಾಕದ ಎಷ್ಟು ಮನೆಯವರು ಇದನ್ನ ಹಾಗೇ ಬಿಟ್ಟಿರಬಹುದು?

ನಮ್ಮ ಬ್ಲಾಗಿಗರ ಮೇಲೂ ನಂಗೆ ಸಿಟ್ಟಿದೆ. ಹೋಗೋ ಮುಂಚೆ ನಿಮ್ಮ ಫುಕೆಟ್ ಕಥನಗಳನ್ನೆಲ್ಲ ಓದಿದೆ. ನೀಲಿ ನೀರು, ಬಿಳಿ ಮರಳು, "ಪದಗಳೇ ಸಾಲದು..." ಅಂತ ಚುಕ್ಕಿ ಚುಕ್ಕಿ. ಒಬ್ಬರಾದರೂ ಯಾವ ತಿಂಗಳು ಹೋಗಿದ್ದು ಅಂತ ಬರೆದಿಲ್ಲ ಕಣ್ರೀ! ಜೊತೆಗೆ ವಯಸ್ಸಾದವರಿದ್ರಾ, ಮೆಟ್ಟಿಲೆಷ್ಟು, ರಾತ್ರಿ ಏನು ತಿಂದ್ರಿ, ಒಟ್ಟು ಎಷ್ಟು ಬಿತ್ತು, ಇದೂ ಇಲ್ಲ. ಸೂರ್ಯಾಸ್ತದ ಒಂದು ಫೋಟೋ ಕಡಿಮೆ ಮಾಡಿ ಇದನ್ನ ಬರೀರಿ. ನಮ್ಮಮ್ಮನಂಥೋರು ಉಪವಾಸ ಇರೋದು ತಪ್ಪುತ್ತೆ.

ದೂರು ಕೊಟ್ಟೆವು. ರೆಸಾರ್ಟಿನವರು ಏಜೆಂಟನ್ನ ಕೇಳಿ ಅಂದರು, ಏಜೆಂಟು ರೆಸಾರ್ಟಿನವರನ್ನ ಕೇಳಿ ಅಂದ. ಆಮೇಲೆ ಅವನೇ ಸಮಾಧಾನಕ್ಕೆ ಒಂದು ಕೂಪನ್ ಕಳಿಸಿದ: ಮುಂದಿನ ಪ್ಯಾಕೇಜಿಗೆ 5,000 ರೂಪಾಯಿ ರಿಯಾಯಿತಿ, ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋದರೆ ಮಾತ್ರ.