ಬೆಳಕಿನ ಅಲೆ ಅಳೆಯಲು ಎಷ್ಟು ದುಡ್ಡು ಬೇಕು?

ಹರಿಹರದಿಂದ ಪಾಲಕರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗ ಪಿ.ಯು.ಸಿ. ವಿಜ್ಞಾನ ವಿದ್ಯಾರ್ಥಿ. ವಸ್ತುಪ್ರದರ್ಶನದಲ್ಲಿ ಲೇಸರ್ ಕಿರಣದ ತರಂಗಾಂತರ ಅಳೆದು ತೋರಿಸಬೇಕೆಂದು ಹಟ ಹಿಡಿದಿದ್ದಾನೆ. ಅದಕ್ಕೆಂದೇ ತಯಾರಾದ ‘ವೇವ್‌ಮೀಟರ್’ ಎಂಬ ವಿದೇಶಿ ಉಪಕರಣ ಸೆಕೆಂಡ್ ಹ್ಯಾಂಡ್‌ನಲ್ಲಿ 18,000 ರೂಪಾಯಿಗೆ ಸಿಗುತ್ತದಂತೆ. “ಸಾಲ ಮಾಡಿಯಾದರೂ ಕೊಡಿಸಲೇ ಮೇಷ್ಟ್ರೇ?” ಎಂದು ಕೇಳಿದ್ದಾರೆ.

ಮಗನ ಆಸಕ್ತಿ ಕಂಡು ಸಾಲಕ್ಕೂ ಸಿದ್ಧರಾದ ತಂದೆಗೆ ಬರೀ ‘ಬೇಡ’ ಎಂದರೆ ಸಾಲದು. ಏಕೆ ಬೇಡ, ಬದಲಿಗೆ ಏನು ಮಾಡಬಹುದು ಎಂಬುದನ್ನೂ ಹೇಳಬೇಕು.

ಬೆಳಕು ಅಲೆಯಂತೆ ಸಾಗುತ್ತದೆ. ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರವೇ ತರಂಗಾಂತರ. ಇದು ಎಷ್ಟು ಚಿಕ್ಕದೆಂಬುದನ್ನು ಹರಿಹರದವರಿಗೆ ಹೇಳುವುದು ಸುಲಭ. 1941ರಲ್ಲಿ ಆರಂಭವಾಗಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್‌ಗಳಿಗೆ ಹೆಸರಾಗಿತ್ತು. ಅಲ್ಲಿ ದುಡಿದವರ ಕೈಗೆ ಸ್ಕ್ರೂಗೇಜ್ ಚೆನ್ನಾಗಿ ಗೊತ್ತು. ಸಾಮಾನ್ಯ ಸ್ಕ್ರೂಗೇಜ್ ತೋರಿಸುವ ಅತಿ ಚಿಕ್ಕ ಅಳತೆ ಮಿಲಿಮೀಟರಿನ ನೂರನೇ ಒಂದು ಭಾಗ. ಕೆಂಪು ಲೇಸರಿನ ಅಲೆ ಅದರಲ್ಲೂ ಹದಿನೈದನೇ ಒಂದು ಭಾಗದಷ್ಟು, ಅಂದರೆ ಸುಮಾರು 650 ನ್ಯಾನೊಮೀಟರ್.

ಇದನ್ನು ವೇವ್‌ಮೀಟರ್ ಹೇಗೆ ಅಳೆಯುತ್ತದೆ? ಅದರೊಳಗೆ ತರಂಗಾಂತರ ಮೊದಲೇ ಗೊತ್ತಿರುವ ಒಂದು ಲೇಸರ್ ಇರುತ್ತದೆ. ಹೆಚ್ಚಾಗಿ ಅದು 632.8 ನ್ಯಾನೊಮೀಟರಿನ ಹೀಲಿಯಂ-ನಿಯಾನ್ ಲೇಸರ್. ಈ ಕಿರಣವನ್ನೂ ನಮ್ಮ ಕಿರಣವನ್ನೂ ಚಲಿಸುವ ಕನ್ನಡಿಯೊಂದಕ್ಕೆ ಬಿಡುತ್ತಾರೆ. ಕನ್ನಡಿ ಅರ್ಧ ತರಂಗಾಂತರದಷ್ಟು ಸರಿದಾಗಲೆಲ್ಲ ಬೆಳಕು-ಕತ್ತಲೆಯ ಒಂದು ಪಟ್ಟಿ ದಾಟಿಹೋಗುತ್ತದೆ. ಕನ್ನಡಿ ಒಂದು ಸೆಂಟಿಮೀಟರ್ ಸರಿದರೆ ಹೀಲಿಯಂ-ನಿಯಾನ್ ಕಿರಣದ ಸುಮಾರು 31,600 ಪಟ್ಟಿಗಳು ದಾಟುತ್ತವೆ. ಎರಡೂ ಕಿರಣಗಳ ಪಟ್ಟಿಗಳನ್ನು ಎಣಿಸಿ ಹೋಲಿಸಿದರೆ ಉತ್ತರ ಸಿಕ್ಕಿತು. ಗೊತ್ತಿರುವ ತೂಕದ ಕಲ್ಲಿನೊಂದಿಗೆ ಗೊತ್ತಿಲ್ಲದ ಸಾಮಾನನ್ನು ತೂಗಿದಂತೆಯೇ ಇದು.

ಹಳೆಯ ಉಪಕರಣದಲ್ಲಿ ತೊಂದರೆ ಇರುವುದೂ ಈ ‘ತೂಕದ ಕಲ್ಲಿ’ನಲ್ಲಿಯೇ. ಹೀಲಿಯಂ-ನಿಯಾನ್ ಕೊಳವೆ ಬಳಸದೆ ಪೆಟ್ಟಿಗೆಯಲ್ಲಿಟ್ಟರೂ ವಯಸ್ಸಾಗಿ ಸೊರಗುತ್ತದೆ. ಹೊರಗಿನ ಬಣ್ಣ, ಹೊಳಪು ನೋಡಿ ಮೋಸ ಹೋಗಬಾರದು. ಹಳೆಯ ಲೇತ್ ಕೊಳ್ಳುವವರು ಬಣ್ಣ ನೋಡದೆ ಬೆಡ್ಡಿನ ಸವೆತ ನೋಡುತ್ತಾರಲ್ಲ, ಹಾಗೆ. ಕಾಲೇಜಿಗಾಗಿ ಕೊಳ್ಳುವವರು ಇಷ್ಟನ್ನಾದರೂ ವಿಚಾರಿಸಬೇಕು:

ಒಂದು, ಕಣ್ಣೆದುರಿಗೇ ಚಾಲೂ ಮಾಡಿ, ತರಂಗಾಂತರ ಗೊತ್ತಿರುವ ಲೇಸರನ್ನು ಅಳೆದು ತೋರಿಸುತ್ತಾರೆಯೇ?

ಎರಡು, ಅದರ ವ್ಯಾಪ್ತಿ ಏನು? ದೂರಸಂಪರ್ಕದ ಕೆಲಸಕ್ಕೆಂದು ಮಾಡಿದ ಕೆಲವು ಮೀಟರುಗಳು ಸುಮಾರು 1270ರಿಂದ 1650 ನ್ಯಾನೊಮೀಟರ್‌ವರೆಗಿನ ಅವಕೆಂಪು ಕಿರಣಗಳನ್ನಷ್ಟೇ ಅಳೆಯುತ್ತವೆ. ಕೆಂಪು, ಹಸಿರು ಲೇಸರುಗಳು ಅವಕ್ಕೆ ಕಾಣುವುದೇ ಇಲ್ಲ.

ಮೂರು, ಅಂಕಿ ಗಾಳಿಯಲ್ಲಿನದೋ ನಿರ್ವಾತದಲ್ಲಿನದೋ? ಹೀಲಿಯಂ-ನಿಯಾನ್ ಕಿರಣಕ್ಕೆ ಗಾಳಿಯಲ್ಲಿ 632.82, ನಿರ್ವಾತದಲ್ಲಿ 632.99. ಇದು ಗೊತ್ತಿಲ್ಲದಿದ್ದರೆ ಸರಿಯಾದ ಮೀಟರನ್ನೇ ಕೆಟ್ಟದ್ದೆಂದು ತಿಳಿದೇವು.

ನಾಲ್ಕು, ನಮ್ಮ 230 ವೋಲ್ಟಿಗೆ ಹೊಂದುತ್ತದೆಯೇ? ಕೈಪಿಡಿ, ಕ್ಯಾಲಿಬ್ರೇಷನ್ ಪತ್ರ ಇವೆಯೇ? ಕೆಲಸ ಮಾಡದಿದ್ದರೆ ವಾಪಸು ಪಡೆಯುವುದಾಗಿ ಬರೆದುಕೊಡುತ್ತಾರೆಯೇ?

ಇನ್ನೊಂದು ಮಾತು. ಕೊಳವೆಗೆ ಸಾವಿರಕ್ಕೂ ಹೆಚ್ಚು ವೋಲ್ಟ್ ಬೇಕಾಗುತ್ತದೆ. ಸ್ವಿಚ್ ಆರಿಸಿದ ಮೇಲೂ ಒಳಗೆ ವಿದ್ಯುತ್ ಉಳಿದಿರಬಹುದು. ವಿದ್ಯಾರ್ಥಿಗಳು ಅದನ್ನು ಬಿಚ್ಚಲೇಬಾರದು.

ಮನೆಗೆ ಇಂಥದು ಬೇಡ. ಅಂಕಿಯೊಂದನ್ನು ತೋರಿಸುವ ಪೆಟ್ಟಿಗೆಯಿಂದ ಹುಡುಗ ಕಲಿಯುವುದೂ ಕಡಿಮೆ. ಲೇಸರಿನ ಸಿದ್ಧಾಂತ ರೂಪಿಸಿದವರಲ್ಲಿ ಒಬ್ಬರಾದ, 1981ರಲ್ಲಿ ನೊಬೆಲ್ ಪಡೆದ ಆರ್ಥರ್ ಶಾಲೊ ಅವರು 1965ರಲ್ಲಿ ಉಕ್ಕಿನ ಅಳತೆಪಟ್ಟಿಯ ಗೆರೆಗಳ ಮೇಲೆ ಲೇಸರ್ ಓರೆಯಾಗಿ ಹಾಯಿಸಿ ತರಂಗಾಂತರ ಅಳೆಯುವ ವಿಧಾನವನ್ನು ಪ್ರಕಟಿಸಿದರು. ನಾವು ಹಳೆಯ ಸಿ.ಡಿ.ಯಿಂದ ಅದನ್ನು ಮಾಡೋಣ. ಮದುವೆ ಕ್ಯಾಸೆಟ್ಟಿನ ಜಾಗಕ್ಕೆ ಬಂದ ಸಿ.ಡಿ. ಯಾರ ಮನೆಯ ಕಪಾಟಿನಲ್ಲಾದರೂ ಇದ್ದೇ ಇರುತ್ತದೆ.

ಸಿ.ಡಿ.ಯ ಸುರುಳಿ ಗೆರೆಗಳ ನಡುವಿನ ಅಂತರ ಸುಮಾರು 1600 ನ್ಯಾನೊಮೀಟರ್. ಒಂದು ಮೀಟರ್ ಅಗಲದ ರಟ್ಟಿನ ನಡುವೆ ತೂತು ಮಾಡಿ, ಕೆಂಪು ಲೇಸರ್ ಪೆನ್ನನ್ನು ಅದರ ಹಿಂದೆ ಅಲುಗದಂತೆ ಕಟ್ಟಿ. ಎದುರಿಗೆ ಸರಿಯಾಗಿ 100 ಸೆಂಟಿಮೀಟರ್ ದೂರದಲ್ಲಿ ಸಿ.ಡಿ.ಯನ್ನು ನೆಟ್ಟಗೆ ನಿಲ್ಲಿಸಿ. ಕಿರಣ ಸಿ.ಡಿ.ಯ ನಡುರಂಧ್ರದ ಪಕ್ಕದಲ್ಲಿ, ಅದೇ ಎತ್ತರದಲ್ಲಿ ಬಿದ್ದು ತೂತಿನ ಬಳಿಗೇ ಹಿಂದಿರುಗಬೇಕು. ಆಗ ರಟ್ಟಿನ ಮೇಲೆ ಎಡಕ್ಕೂ ಬಲಕ್ಕೂ ಒಂದೊಂದು ಕೆಂಪು ಚುಕ್ಕೆ ಕಾಣುತ್ತದೆ. ಎರಡು ಚುಕ್ಕೆಗಳ ನಡುವಿನ ದೂರ ಅಳೆದು ಅರ್ಧ ಮಾಡಿ. ಅದು 44.5 ಸೆಂಟಿಮೀಟರ್ ಬಂತೆನ್ನಿ. 44.5ರ ವರ್ಗಕ್ಕೆ 100ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 109.45. ಇದರಿಂದ 44.5ನ್ನು ಭಾಗಿಸಿದರೆ 0.4066. ಅದನ್ನು 1600ರಿಂದ ಗುಣಿಸಿದರೆ ಸುಮಾರು 650 ನ್ಯಾನೊಮೀಟರ್!

44.5ರ ಬದಲು 45 ಎಂದು ಓದಿದ್ದರೆ? ಉತ್ತರ 657ರ ಹತ್ತಿರ ಹೋಗುತ್ತದೆ. ಅರ್ಧ ಸೆಂಟಿಮೀಟರಿಗೆ ಆರು ನ್ಯಾನೊಮೀಟರಿನಷ್ಟು ವ್ಯತ್ಯಾಸ. ಹತ್ತು ಸಲ ಅಳೆದು, ಹತ್ತೂ ಅಂಕಿಗಳನ್ನು ಪಟ್ಟಿ ಮಾಡಿ ಪ್ರದರ್ಶನದಲ್ಲಿ ಇಡಿ. ತನ್ನ ಅಳತೆಯನ್ನು ಎಷ್ಟು ನಂಬಬಹುದೆಂದು ಹೇಳಬಲ್ಲ ಹುಡುಗನನ್ನು ಯಾವ ತೀರ್ಪುಗಾರರೂ ಕಡೆಗಣಿಸಲಾರರು. ಸಿ.ಡಿ.ಯ 1600 ಎಂಬ ಅಂಕಿಯನ್ನೂ ಪರೀಕ್ಷಿಸಬೇಕೆಂದರೆ, ಹೀಲಿಯಂ-ನಿಯಾನ್ ಲೇಸರ್ ಇರುವ ಕಾಲೇಜನ್ನು ದಾವಣಗೆರೆಯಲ್ಲಿ ವಿಚಾರಿಸಿ, ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಿಗೆ ನಿಮ್ಮ ಅಧ್ಯಾಪಕರ ಮೂಲಕ ಪತ್ರ ಬರೆದು ಒಂದು ಗಂಟೆ ಅವಕಾಶ ಕೇಳಿ. 632.8ನ್ನು ಇಟ್ಟುಕೊಂಡು ಲೆಕ್ಕವನ್ನು ತಿರುಗಿಸಿದರೆ ಗೆರೆಗಳ ಅಂತರ ಸಿಗುತ್ತದೆ.

ಪಾಲಕರಿಗೆ ಎಚ್ಚರಿಕೆಯ ಮಾತು. ಒಂದು ಮಿಲಿವಾಟ್ ಮೀರದ, ಶಕ್ತಿಯ ಪ್ರಮಾಣ ನಮೂದಿಸಿದ ಕೆಂಪು ಲೇಸರನ್ನಷ್ಟೇ ಕೊಡಿಸಿ. ಅಗ್ಗದ ಹಸಿರು ಲೇಸರುಗಳಲ್ಲಿ ಕೆಲವು ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನೂ ಸೂಸುತ್ತವೆ, ಅವು ಬೇಡ. ಕಿರಣದ ಹಾದಿ ಕಣ್ಣಿನ ಮಟ್ಟದಲ್ಲಿರದಿರಲಿ. ಉಂಗುರ, ಬಳೆ, ಗಡಿಯಾರ ತೆಗೆದಿಟ್ಟು, ಪಕ್ಕದಲ್ಲಿ ನಿಂತು ಕೆಲಸ ಮಾಡಲಿ. ಹಿರಿಯರೊಬ್ಬರು ಜೊತೆಗಿರಲಿ. ದುಡ್ಡು ಮತ್ತೆ ಗಳಿಸಬಹುದು, ಕಣ್ಣನ್ನಲ್ಲ.

ಕೊನೆಗೆ ವಿದ್ಯಾರ್ಥಿ ಮಿತ್ರರಿಗೊಂದು ಪ್ರಶ್ನೆ. ಡಿ.ವಿ.ಡಿ.ಯ ಗೆರೆಗಳ ಅಂತರ ಕೇವಲ 740 ನ್ಯಾನೊಮೀಟರ್. ಸಿ.ಡಿ. ತೆಗೆದು ಅದನ್ನಿಟ್ಟರೆ ಚುಕ್ಕೆಗಳು ಒಂದು ಮೀಟರ್ ಅಗಲದ ರಟ್ಟಿನ ಮೇಲೆ ಬೀಳುವುದೇ ಇಲ್ಲ. ಹಾಗಾದರೆ ಎಲ್ಲಿ ಬೀಳುತ್ತವೆ? ಮೊದಲು ಲೆಕ್ಕ ಹಾಕಿ, ಆಮೇಲೆ ಅಳೆದು ನೋಡಿ.